ತೊಳೆದ ಮಣ್ಣು, ತೊಳೆಯದ ಮಣ್ಣು: ಬೀದರ್‌ನ ಒಂದು ಆನರ್ಸ್ ವರ್ಷದ ಪ್ರಕರಣ

2024-25ರಲ್ಲಿ ನಮ್ಮ ರಸಾಯನಶಾಸ್ತ್ರ ವಿಭಾಗದಲ್ಲಿ ನಾಲ್ಕನೇ ವರ್ಷದ ಬಿ.ಎಸ್ಸಿ. ಆನರ್ಸ್‌ಗೆ ಉಳಿದವರು ಇಬ್ಬರೇ. ಮೂರು ವರ್ಷದ ಡಿಗ್ರಿ ಕೈಗೆ ಬರುತ್ತಲೇ ಮಿಕ್ಕವರು ಬಿ.ಎಡ್., ಎಂ.ಎಸ್ಸಿ., ಪಿಡಿಒ ಕೋಚಿಂಗ್ ಅಂತ ಚದುರಿದ್ದರು. ಉಳಿದ ಇಬ್ಬರಲ್ಲಿ ಹುಡುಗನಿಗೆ ಆರು ಸೆಮಿಸ್ಟರ್‌ಗಳ ಸರಾಸರಿ 81, ಹುಡುಗಿಗೆ 72. ಈ ಒಂಬತ್ತು ಅಂಕದ ಅಂತರವೇ ಈ ಪ್ರಕರಣದ ಬೇರು.

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ಡಿಸೆಂಬರಿನಲ್ಲಿ ಹೊರಡಿಸಿದ ಪದವಿ ಚೌಕಟ್ಟಿನ ಪ್ರಕಾರ ಮೂರು ವರ್ಷಕ್ಕೆ 120 ಕ್ರೆಡಿಟ್, ನಾಲ್ಕು ವರ್ಷಕ್ಕೆ 160. ನಾಲ್ಕನೇ ವರ್ಷದಲ್ಲಿ ಎರಡು ದಾರಿ. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಮುಟ್ಟಿದವರು 'ಸಂಶೋಧನೆ ಸಹಿತ ಆನರ್ಸ್' ತಗೊಂಡು 12 ಕ್ರೆಡಿಟ್‌ನ ಪ್ರಾಜೆಕ್ಟ್ ಮಾಡಬಹುದು. ಮುಟ್ಟದವರು ಅದೇ 12 ಕ್ರೆಡಿಟ್‌ಗೆ ಇನ್ನಷ್ಟು ಪೇಪರ್ ಓದಿ ಬರೀ ಆನರ್ಸ್ ಪಡೆಯಬೇಕು. ಸಂಶೋಧನೆ ಸಹಿತ ಆನರ್ಸ್ ನಡೆಸುವ ವಿಭಾಗದಲ್ಲಿ ಪಿಎಚ್.ಡಿ. ಮಾರ್ಗದರ್ಶಕರಾಗಿ ಮಾನ್ಯತೆ ಪಡೆದ ಕಾಯಂ ಅಧ್ಯಾಪಕರು ಕನಿಷ್ಠ ಇಬ್ಬರಿರಬೇಕು. ನಮ್ಮಲ್ಲಿ ಸರಿಯಾಗಿ ಇಬ್ಬರೇ ಇದ್ದೆವು, ಎಚ್ಒಡಿ ಮತ್ತು ನಾನು. ಉಳಿದವರೆಲ್ಲ ಅತಿಥಿ ಉಪನ್ಯಾಸಕರು.

ಹುಡುಗ ತುಳಸಿ ಎಲೆಯ ರಸದಿಂದ ಬೆಳ್ಳಿಯ ನ್ಯಾನೋ ಕಣ ಮಾಡುವ ವಿಷಯ ಹಿಡಿದ. ಈ ವಿಷಯದ ಮೇಲೆ ಎಷ್ಟು ಪ್ರಬಂಧಗಳಿವೆಯೆಂದರೆ ಬಣ್ಣ ಯಾವಾಗ ಕಂದಾಗುತ್ತದೆ ಅನ್ನುವುದು ಪ್ರಯೋಗಕ್ಕೆ ಮುಂಚೆಯೇ ಗೊತ್ತಿರುತ್ತದೆ. ಆದರೂ ಅಚ್ಚುಕಟ್ಟಾಗಿ ಮಾಡಿದ, ಒಳ್ಳೆಯ ಅಂಕ ಬಂತು. ಅವನ ಬಗ್ಗೆ ಹೇಳುವುದು ಇಷ್ಟೇ.

ಹುಡುಗಿ ಭಾಲ್ಕಿ ಕಡೆಯ ಹಳ್ಳಿಯವಳು, ಮನೆಯಲ್ಲಿ ಡಿಗ್ರಿ ಮುಟ್ಟಿದ ಮೊದಲಿಗಳು. ಹೆಸರು ಹಾಕಬೇಡ್ರಿ ಮೇಡಂ ಅಂದಿದ್ದಾಳೆ. ಏಳನೇ ಸೆಮಿಸ್ಟರ್ ಶುರುವಾದ ಎರಡನೇ ವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು:

"ಮೇಡಂ, ಬಿದ್ರಿ ಸಾಮಾನು ಮೈಲುತುತ್ತ ಹಚ್ಚಿದ್ರೇ ಕಪ್ಪಾಗ್ತದಲ್ರಿ? ಮತ್ತ ಕೊನಿಗಿ ಕೋಟಿ ಮಣ್ಣು ಯಾಕ ಬೇಕ್ರಿ?"

ನಾನು ಬೀದರ್‌ನಲ್ಲಿ ಹದಿನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಬಿದ್ರಿ ಹೂದಾನಿ ಮನೆಯಲ್ಲಿದೆ, ನೆಂಟರ ಮದುವೆಗೆ ಎಷ್ಟು ಉಡುಗೊರೆ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಈ ಪ್ರಶ್ನೆ ಮಾತ್ರ ಒಂದು ಸಲವೂ ತಲೆಗೆ ಹೊಳೆದಿರಲಿಲ್ಲ.

ಕಸುಬು ಗೊತ್ತಿಲ್ಲದವರಿಗೆ ಎರಡು ಮಾತು. ಬಿದ್ರಿಯ ಎರಕದಲ್ಲಿ ಸತುವೇ ಹೆಚ್ಚು, ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಎರಕ ಹೊಯ್ದು, ಅರ ಹಾಕಿ ನುಣುಪು ಮಾಡಿದ ಮೇಲೆ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು ಸವರುತ್ತಾರೆ. ಮೈ ಕಪ್ಪಾಗುತ್ತದೆ, ಅದರ ಮೇಲೆ ಮೊಳೆಯಂಥ ಉಪಕರಣದಿಂದ ಗೀಚಿದ ಚಿತ್ತಾರ ಬೆಳ್ಳಗೆ ಎದ್ದು ಕಾಣುತ್ತದೆ. ಆ ಗೆರೆ ಹಿಡಿದು ಉಳಿಯಲ್ಲಿ ಕೊರೆದು, ಬೆಳ್ಳಿ ತಂತಿ ಕೂರಿಸಿ, ಮತ್ತೆ ಉಜ್ಜಿದಾಗ ಆ ಕಪ್ಪು ಹೋಗಿಬಿಡುತ್ತದೆ. ಕೊನೆಗೆ ಕೋಟೆಯ ಹಳೇ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಮತ್ತು ನೀರು ಕೂಡಿಸಿ, ಬಿಸಿ ಮಾಡಿದ ಸಾಮಾನಿಗೆ ತಿಕ್ಕುತ್ತಾರೆ. ಆಗ ಸತುವಿನ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ, ಮತ್ತೆ ಆ ಕಪ್ಪು ಹೋಗುವುದಿಲ್ಲ. ಮೊದಲನೇ ಕಪ್ಪಿನ ಕಾರಣ ಪಿಯುಸಿ ಪುಸ್ತಕದಲ್ಲೇ ಇದೆ: ಸತು ಮೈಲುತುತ್ತದಿಂದ ತಾಮ್ರವನ್ನು ಹೊರದೂಡುತ್ತದೆ, ಆ ತಾಮ್ರ ನುಣ್ಣನೆ ಕರಿ ಪುಡಿಯಾಗಿ ಮೇಲೆ ಕೂರುತ್ತದೆ. ಕೈಯಿಂದ ಒರೆಸಿದರೆ ಹೋಗುತ್ತದೆ. ಎರಡನೇ ಕಪ್ಪು ಯಾಕೆ ಹಾಗೆ ಹೋಗುವುದಿಲ್ಲ ಅನ್ನುವುದು ಹುಡುಗಿಯ ಪ್ರಶ್ನೆ.

ಇಂಥ ಪ್ರಶ್ನೆ ತಂದವಳಿಗೆ ನಿಯಮದ ಪ್ರಕಾರ ಸಂಶೋಧನೆ ಇಲ್ಲ. 72.

ಶೇಕಡಾವಾರು ಗಡಿ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಸೀಟು, ಮಾರ್ಗದರ್ಶಕರು ಕಮ್ಮಿ ಇದ್ದಾಗ ಎಲ್ಲೋ ಒಂದು ಗೆರೆ ಹಾಕಲೇಬೇಕು. ಆದರೆ ನಮ್ಮ ದೇಶದಲ್ಲಿ ಪದವಿ ಮಕ್ಕಳ ಸಂಶೋಧನೆಗೆ ಇರುವ ಹೆಚ್ಚಿನ ಬಾಗಿಲುಗಳ ಮೇಲೂ ಇದೇ ಗೆರೆ. ಇನ್‌ಸ್ಪೈರ್ 'ಶೀ' ಅನ್ನುವ ಕೇಂದ್ರ ಸರ್ಕಾರದ ವಿಜ್ಞಾನ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 20,000 ಬೇಸಿಗೆಯ ಸಂಶೋಧನೆಗೆಂದೇ ಇದೆ. ಅದಕ್ಕೆ ಮುಖ್ಯ ದಾರಿ ಹನ್ನೆರಡನೇ ತರಗತಿಯಲ್ಲಿ ಆಯಾ ಬೋರ್ಡಿನ ಮೇಲಿನ ಶೇ. 1ರೊಳಗೆ ಬರುವುದು. ಬೆಂಗಳೂರಿನ ಐಐಎಸ್‌ಸಿ 2011ರಲ್ಲಿ ಶುರುಮಾಡಿದ ನಾಲ್ಕು ವರ್ಷದ ಪದವಿಯಲ್ಲಿ ಸಂಶೋಧನೆಗೆ ದೊಡ್ಡ ಪಾಲು ಇದೆ, ಆದರೆ ಅಲ್ಲಿ ಕಾಲಿಡುವುದೇ ದೊಡ್ಡ ಪರೀಕ್ಷೆ ಗೆದ್ದ ಮೇಲೆ. ಅಮೆರಿಕದ ಎಂಐಟಿಯಲ್ಲಿ 1969ರಿಂದ ನಡೆದಿರುವ ಪದವಿ ಸಂಶೋಧನಾ ಕಾರ್ಯಕ್ರಮದ ಒಂದು ಗುಣ ನನಗೆ ಇಷ್ಟ: ವಿದ್ಯಾರ್ಥಿ ಕ್ರೆಡಿಟ್‌ಗಾಗಿ ದುಡಿಯಬಹುದು, ಸಂಬಳಕ್ಕಾಗಿ ದುಡಿಯಬಹುದು, ಎರಡೂ ಬೇಡ ಅಂತ ಬರೀ ಕಲಿಯಲಿಕ್ಕೂ ದುಡಿಯಬಹುದು. ನಮ್ಮ ಹುಡುಗಿಗೆ ಉಳಿದದ್ದು ಈ ಮೂರನೆಯದೊಂದೇ.

ಪ್ರಾಂಶುಪಾಲರ ಹತ್ತಿರ ಹೋದಾಗ ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು: "ಅಂಕಪಟ್ಟಿಯಲ್ಲಿ ಬರದ ಕೆಲಸಕ್ಕೆ ಲ್ಯಾಬ್ ಯಾವ ಲೆಕ್ಕದಲ್ಲಿ ಕೊಡ್ತೀರಿ? ಆಸಿಡ್ ಮೈಮೇಲೆ ಬಿದ್ರೆ ಯಾರು ಹೊಣೆ?" ಕೊನೆಗೆ 'ವಿಭಾಗೀಯ ಚಟುವಟಿಕೆ' ಅಂತ ರಿಜಿಸ್ಟರಿನಲ್ಲಿ ಬರೆದು, ಶನಿವಾರ ಮಧ್ಯಾಹ್ನ, ನಾನು ಲ್ಯಾಬಿನಲ್ಲಿ ಇರುವಷ್ಟು ಹೊತ್ತು ಮಾತ್ರ ಅಂತ ಒಪ್ಪಿಗೆಯಾಯಿತು. ಅಟೆಂಡರ್ ಬೀಗದ ಕೈ ನನ್ನ ಕೈಗೆ ಕೊಟ್ಟು ಸಹಿ ಹಾಕಿಸಿಕೊಂಡ.

ಆಕೆ ಬರೆದು ತಂದ ಮೊದಲ ಶೀರ್ಷಿಕೆ: 'ಬೀದರ್ ಕೋಟೆ ಮಣ್ಣಿನ ಸಂಪೂರ್ಣ ರಾಸಾಯನಿಕ ವಿಶ್ಲೇಷಣೆ'. ಎಕ್ಸ್‌ಆರ್‌ಡಿ, ಎಸ್‌ಇಎಂ, ಐಸಿಪಿ ಅಂತ ಯಂತ್ರಗಳ ಪಟ್ಟಿಯೂ ಇತ್ತು. ಇವಾವೂ ನಮ್ಮಲ್ಲಿಲ್ಲ, ಹೊರಗೆ ಮಾಡಿಸಿದರೆ ಒಂದೊಂದು ಸ್ಯಾಂಪಲ್‌ಗೂ ದುಡ್ಡು. ಅದಕ್ಕಿಂತ ಹೆಚ್ಚಾಗಿ, ಯಂತ್ರ ಕೊಡುವ ಉತ್ತರ ಆಕೆಯ ಪ್ರಶ್ನೆಯದ್ದಲ್ಲ. ಮಣ್ಣಿನಲ್ಲಿ ಏನೇನಿದೆ ಅನ್ನುವ ಉದ್ದ ಪಟ್ಟಿ ಬರುತ್ತದೆ, ಅದರಲ್ಲಿ ಕೆಲಸ ಮಾಡುವುದು ಯಾವುದು ಅನ್ನುವುದು ಮಾತ್ರ ಪಟ್ಟಿಯಲ್ಲಿ ಇರುವುದಿಲ್ಲ. ಮೂರು ಶನಿವಾರ ಬರೀ ಪ್ರಶ್ನೆ ಕತ್ತರಿಸುವುದರಲ್ಲೇ ಹೋಯಿತು. ಆಕೆಗೆ ಬೇಸರವಾಗಿದ್ದು ಮುಖದಲ್ಲೇ ಕಾಣುತ್ತಿತ್ತು. ನಾನು ಬಿಡಲಿಲ್ಲ.

ದಾರಿ ತೋರಿಸಿದ್ದು ಕಸುಬುದಾರರ ಒಂದು ಹಳೇ ಮಾತು. ಒಳ್ಳೆಯ ಮಣ್ಣು ಅಂದರೆ ಎಷ್ಟೋ ಕಾಲದಿಂದ ಬಿಸಿಲು, ಮಳೆ ಕಾಣದ ಮಣ್ಣು. ಬಿಸಿಲಿನ ಮಾತು ಬದಿಗಿಟ್ಟು ಮಳೆಯನ್ನು ಹಿಡಿದೆವು. ಮಳೆ ಬಿದ್ದರೆ ಮಣ್ಣು ಕೆಡುತ್ತದೆ ಅಂದರೆ, ಕೆಲಸ ಮಾಡುವ ವಸ್ತು ನೀರಿನಲ್ಲಿ ಕರಗಿ ಹೋಗುವಂಥದ್ದು. ಜನ, ದನ, ಕುದುರೆ ಶತಮಾನಗಟ್ಟಲೆ ವಾಸವಿದ್ದ ಜಾಗದ ಮಣ್ಣಿನಲ್ಲಿ ಉಚ್ಚೆ, ಸಗಣಿಯ ಸಾರಜನಕ ಬ್ಯಾಕ್ಟೀರಿಯಾದ ಕೈಗೆ ಸಿಕ್ಕು ನೈಟ್ರೇಟ್ ಆಗುತ್ತದೆ. ಹಿಂದೆ ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪನ್ನು (ಪೊಟ್ಯಾಸಿಯಂ ನೈಟ್ರೇಟ್) ತೆಗೆಯುತ್ತಿದ್ದದ್ದೂ ಇಂಥ ಹಳೇ ವಸತಿಯ ಮಣ್ಣಿನಿಂದಲೇ. ನೈಟ್ರೇಟ್ ಎಲ್ಲವೂ ನೀರಿನಲ್ಲಿ ಸಲೀಸಾಗಿ ಕರಗುತ್ತದೆ.

ಹೀಗೆ ಪ್ರಶ್ನೆ ಎರಡು ಸಾಲಿಗೆ ಇಳಿಯಿತು. ಮಣ್ಣಿನಲ್ಲಿ ನೈಟ್ರೇಟ್ ಇದೆಯೇ? ಮಣ್ಣನ್ನು ತೊಳೆದರೆ ಅದರ ಕಪ್ಪು ಮಾಡುವ ಗುಣ ಹೋಗುತ್ತದೆಯೇ?

ಮಣ್ಣು ಎಲ್ಲಿಂದ ತರುವುದು ಅನ್ನುವುದು ಮುಂದಿನ ತೊಡಕು. ಕೋಟೆ ಕೇಂದ್ರ ಪುರಾತತ್ವ ಸರ್ವೇಕ್ಷಣೆಯ ಸಂರಕ್ಷಿತ ಸ್ಮಾರಕ, ಚೀಲ ಹಿಡಿದು ಹೋಗಿ ಅಗೆಯುವಂತಿಲ್ಲ. ಹುಡುಗಿ "ಸಂಜಿ ಹೊತ್ತು ಯಾರೂ ಇರಲ್ರಿ" ಅಂದಳು. ಆ ದಾರಿ ಅಲ್ಲೇ ಮುಚ್ಚಿಸಿದೆ. ಕಸುಬುದಾರರೊಬ್ಬರ ಬಳಿ ಮೊದಲೇ ಇದ್ದ ಮಣ್ಣಿನಲ್ಲಿ ಒಂದಿಷ್ಟು ಕೇಳಿ ಪಡೆಯುವುದೆಂದಾಯಿತು.

ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ ಬಿದ್ರಿ ಅಂದರೆ ಊರಿಗೇ ಒಂದು ಗತ್ತು ಬಂದಿದೆ. ನಾವು ಹೋದದ್ದು ಅಂಥ ದೊಡ್ಡ ಹೆಸರಿನವರಲ್ಲಿಗಲ್ಲ, ಗಲ್ಲಿಯೊಳಗಿನ ಒಂದು ಸಣ್ಣ ಕಾರ್ಖಾನೆಗೆ. ಅರವತ್ತು ದಾಟಿದ ಹಿರಿಯರು, ಹುಡುಗಿ ಚಾಚಾ ಅಂತ ಕರೆದಳು. ಅವರು ಡಬ್ಬಿಯಿಂದ ಚಿಟಿಕೆ ಮಣ್ಣು ತೆಗೆದು ನಾಲಿಗೆಯ ತುದಿಗಿಟ್ಟು, ಒಂದು ಕ್ಷಣ ಕಣ್ಣು ಮುಚ್ಚಿ, ಪಕ್ಕಕ್ಕೆ ಉಗುಳಿದರು.

"ಹಿಂಗ ನೋಡ್ಬೇಕು ಬೇಟಿ. ಖಾರ ಖಾರ, ಉಪ್ಪುಪ್ಪು ಇದ್ರ ಅಸ್ಲಿ."

ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: 'ಪರೀಕ್ಷೆ 1, ನಾಲಿಗೆ'. ನಾನು ನಕ್ಕೆ. ಆಕೆ ನಗಲಿಲ್ಲ.

ಮಣ್ಣು ಕೊಡಲು ಚಾಚಾ ಒಂದು ಷರತ್ತು ಹಾಕಿದರು: ನವಸಾಗರ ಎಷ್ಟು, ಮಣ್ಣು ಎಷ್ಟು ಅನ್ನುವ ತಮ್ಮ ಅಳತೆ ವರದಿಯಲ್ಲಿ ಬರಕೂಡದು. ಇದು ನಮಗೆ ಕಷ್ಟದ ವಿಷಯ, ಅಳತೆ ಬರೆಯದ ಪ್ರಯೋಗ ಪ್ರಯೋಗವೇ ಅಲ್ಲ ಅಂತ ಮೊದಲ ವರ್ಷದಿಂದ ಪಾಠ ಮಾಡಿರುತ್ತೇವೆ. ಕೊನೆಗೆ ಹುಡುಗಿ ತನ್ನದೇ ಒಂದು ಅಳತೆ ಇಟ್ಟುಕೊಂಡಳು, ತೂಕಕ್ಕೆ ತೂಕ ಸಮ, ಅದನ್ನೇ ಎಲ್ಲ ತುಂಡಿಗೂ ಬಳಸಿದಳು. ಚಾಚಾ ಅದನ್ನು ನೋಡಿ "ನವಸಾಗರ ದಂಡ ಮಾಡ್ಲತ್ತೀ" ಅಂದರು. ಇರಲಿ, ಅವರ ಗುಟ್ಟು ಅವರ ಬಳಿಯೇ ಉಳಿಯಿತು.

ದಸರಾ ರಜೆ ಮುಗಿದ ಮೇಲೆ ಬ್ರೌನ್ ರಿಂಗ್ ಪರೀಕ್ಷೆ. ಮಣ್ಣನ್ನು ಡಿಸ್ಟಿಲ್ಡ್ ನೀರಿನಲ್ಲಿ ಕಲಕಿ, ಸೋಸಿ, ಆ ತಿಳಿಗೆ ಫೆರಸ್ ಸಲ್ಫೇಟ್ ದ್ರಾವಣ ಹಾಕಿ, ಟ್ಯೂಬನ್ನು ಓರೆ ಹಿಡಿದು ಗೋಡೆಗುಂಟ ಗಂಧಕಾಮ್ಲ ಇಳಿಸಬೇಕು. ನೈಟ್ರೇಟ್ ಇದ್ದರೆ ಎರಡು ದ್ರವ ಕೂಡುವಲ್ಲಿ ಕಂದು ಉಂಗುರ ಕಟ್ಟುತ್ತದೆ. ಬಿ.ಎಸ್ಸಿ. ಮೊದಲ ವರ್ಷದ ಉಪ್ಪು ಪರೀಕ್ಷೆಯಲ್ಲಿ ಎಲ್ಲರೂ ಮಾಡಿರುವಂಥದ್ದೇ.

ಉಂಗುರ ಬರಲಿಲ್ಲ. ಮುಂದಿನ ಶನಿವಾರವೂ ಬರಲಿಲ್ಲ. ಮಣ್ಣು ಹೆಚ್ಚು ಹಾಕಿ, ನೀರು ಕಮ್ಮಿ ಮಾಡಿ ನೋಡಿದಳು. ಇಲ್ಲ. ನಮ್ಮ ಊಹೆಯೇ ತಪ್ಪು, ಮಣ್ಣಿನಲ್ಲಿ ನೈಟ್ರೇಟ್ ಇಲ್ಲ ಅಂತ ನಾನು ಹೆಚ್ಚುಕಡಿಮೆ ತೀರ್ಮಾನಕ್ಕೆ ಬಂದುಬಿಟ್ಟಿದ್ದೆ. ನಕಾರಾತ್ಮಕ ಫಲಿತಾಂಶವೂ ಫಲಿತಾಂಶವೇ ಅಂತ ಸಮಾಧಾನದ ಭಾಷಣ ಬೇರೆ ಮಾಡಿದೆ.

ಸೋಮವಾರ ಬೆಳಿಗ್ಗೆ ಬಸ್ಸಿಳಿದವಳೇ ನೇರ ಬಂದಳು. "ಮೇಡಂ, ಬಾಟ್ಲಿ ಒಳಗಿನ ಪೊಟ್ಯಾಸಿಯಂ ನೈಟ್ರೇಟ್ ಹಾಕಿ ನೋಡ್ಲಿಲ್ಲಲ್ರಿ ನಾವು. ಅದಕ್ಕೂ ರಿಂಗ್ ಬರ್ಲಿಲ್ಲಂದ್ರ?"

ಹಾಕಿ ನೋಡಿದೆವು. ಶುದ್ಧ ನೈಟ್ರೇಟಿಗೂ ಉಂಗುರವಿಲ್ಲ. ಫೆರಸ್ ಸಲ್ಫೇಟಿನ ಬಾಟಲಿಯನ್ನು ಕಿಟಕಿ ಬೆಳಕಿಗೆ ಹಿಡಿದೆ. ತಿಳಿ ಹಸಿರಾಗಿರಬೇಕಾದ ಹರಳುಗಳ ಮೇಲೆಲ್ಲ ಹಳದಿ ಮಿಶ್ರಿತ ಕಂದು ಪುಡಿ. ಗಾಳಿಯಾಡಿ ಫೆರಸ್ ಎಲ್ಲ ಫೆರಿಕ್ ಆಗಿತ್ತು, ಅದು ಈ ಪರೀಕ್ಷೆಗೆ ಬಾರದು. ಬಾಟಲಿ ಯಾವ ವರ್ಷ ತೆರೆದದ್ದೋ, ಲೇಬಲ್ ಮೇಲೆ ಏನೂ ಇಲ್ಲ. ಮೊದಲ ವರ್ಷದ ಮಕ್ಕಳು ಅದೇ ಬಾಟಲಿಯಿಂದ ಪರೀಕ್ಷೆ ಮಾಡಿ, ಬಾರದ ಉಂಗುರವನ್ನು ಬಂತೆಂದು ರೆಕಾರ್ಡಿನಲ್ಲಿ ಬರೆಯುತ್ತಿದ್ದರು, ನಾನು ಟಿಕ್ ಹಾಕುತ್ತಿದ್ದೆ. ಈ ಪ್ರಕರಣದಲ್ಲಿ ನನಗೆ ನಿಜಕ್ಕೂ ನಾಚಿಕೆಯಾದದ್ದು ಇಲ್ಲಿ.

ಹೊಸ ಬಾಟಲಿ ತಂದ ಶನಿವಾರ ಮೊದಲು ಶುದ್ಧ ನೈಟ್ರೇಟಿಗೆ ಉಂಗುರ ಬಂತು. ಆಮೇಲೆ ಮಣ್ಣಿನ ತಿಳಿಗೆ ಬಂತು. ಕಾಲೇಜಿನ ಹಿಂದಿನ ಹೊಲದ ಮಣ್ಣಿನ ತಿಳಿಗೆ ಬರಲಿಲ್ಲ. ಹುಡುಗಿ ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟು ಹತ್ತು ನಿಮಿಷ ನೋಡುತ್ತಲೇ ಕೂತಿದ್ದಳು.

ತೊಳೆಯುವ ಪ್ರಯೋಗ ಎಳ್ಳ ಅಮಾವಾಸ್ಯೆಯ ಮರುವಾರ ನಡೆಯಿತು. ಅವತ್ತು ಆಕೆ ಹೊಲದ ಪೂಜೆಯಲ್ಲಿ ಉಳಿದ ಸಜ್ಜಿ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ಲ್ಯಾಬಿನೊಳಗೆ ತಿನ್ನಬಾರದೆಂದು ಮೆಟ್ಟಿಲ ಮೇಲೆ ಕೂತು ತಿಂದೆವು. ಚಾಚಾ ಕೊಟ್ಟ ಎರಕದ ಚೂರುಗಳಿಂದ ಒಂಬತ್ತು ತುಂಡು ಆರಿಸಿ, ಒಂದೇ ನಂಬರಿನ ಪಾಲಿಶ್ ಕಾಗದದಲ್ಲಿ ಉಜ್ಜಿ, ಮೂರರ ಮೂರು ಗುಂಪು. ಮೊದಲ ಗುಂಪಿಗೆ ಮಣ್ಣು ಹಾಗೇ. ಎರಡನೆಯದಕ್ಕೆ ನಾಲ್ಕು ಸಲ ತೊಳೆದು ಒಣಗಿಸಿದ ಮಣ್ಣು. ಮೂರನೆಯದಕ್ಕೆ ತೊಳೆದ ನೀರನ್ನು ಕುದಿಸಿ ಇಂಗಿಸಿ ಉಳಿದ ಉಪ್ಪು, ಅದರ ಜೊತೆ ತೊಳೆದ ಮರಳು. ಎಲ್ಲಕ್ಕೂ ನವಸಾಗರ ಸಮ. ನವಸಾಗರ ಕಾದರೆ ಬಿಳಿ ಹೊಗೆ ಏಳುತ್ತದೆ, ನಮ್ಮಲ್ಲಿ ಫ್ಯೂಮ್ ಹುಡ್ ಇಲ್ಲ, ಹಾಗಾಗಿ ಹಿಂದಿನ ವರಾಂಡದಲ್ಲಿ ಗಾಳಿ ನೋಡಿಕೊಂಡು ಸ್ಟವ್ ಇಟ್ಟೆವು.

ತೊಳೆಯದ ಮಣ್ಣಿನ ಮೂರೂ ತುಂಡು ಕಪ್ಪಾದವು. ತೊಳೆದ ಮಣ್ಣಿನವು ಎರಡು ಬೂದು ಬಣ್ಣಕ್ಕೇ ನಿಂತವು, ಮೂರನೆಯದು ಒಂದು ಮೂಲೆಯಲ್ಲಿ ಚೆನ್ನಾಗಿಯೇ ಕಪ್ಪಾಗಿ ನಮ್ಮನ್ನು ಅಣಕಿಸಿತು. ಉಪ್ಪು ಮತ್ತು ಮರಳಿನವು ಕಪ್ಪಾದವು, ಆದರೆ ಚುಕ್ಕೆ ಚುಕ್ಕೆ, ಸಮನಾಗಿ ಅಲ್ಲ. ಆ ಮೂಲೆಯ ಕಪ್ಪನ್ನು ವರದಿಯಿಂದ ಬಿಟ್ಟುಬಿಡಲೇ ಅಂತ ಆಕೆ ಕೇಳಲಿಲ್ಲ. ಕೇಳುತ್ತಾಳೇನೋ ಅಂತ ನಾನು ಕಾದಿದ್ದೆ. ಫೋಟೋ ತೆಗೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು, 'ಕಾರಣ ಗೊತ್ತಾಗಿಲ್ಲ. ತೊಳೆದದ್ದು ಸಾಲದೇ ಇರಬಹುದು' ಅಂತ ಬರೆದಳು.

ಒಟ್ಟು ಖರ್ಚು 1,140 ರೂಪಾಯಿ. ಅದರಲ್ಲಿ ದೊಡ್ಡ ಪಾಲು ಹೊಸ ಫೆರಸ್ ಸಲ್ಫೇಟ್ ಮತ್ತು ಡಿಸ್ಟಿಲ್ಡ್ ನೀರಿನದು. ಬಸ್ಸಿನ ಖರ್ಚು ಸೊನ್ನೆ. 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಇರದಿದ್ದರೆ ಇಪ್ಪತ್ತೆರಡು ಶನಿವಾರ ಈ ಹುಡುಗಿ ಬೀದರ್‌ಗೆ ಬರಲು ಮನೆಯವರು ಒಪ್ಪುತ್ತಿದ್ದರೇ ಅನ್ನುವುದು ನನಗೆ ಅನುಮಾನ. ಸಂಶೋಧನಾ ಅನುದಾನದ ಯಾವ ಅರ್ಜಿಯಲ್ಲೂ ಈ ಬಾಬ್ತಿಗೆ ಕಾಲಂ ಇರುವುದಿಲ್ಲ.

ಮಾರ್ಚಿನಲ್ಲಿ ವಿಭಾಗದ ಸೆಮಿನಾರಿನಲ್ಲಿ ಮಂಡಿಸಿದಳು, ಅಂಕವಿಲ್ಲ. ಬೇರೆ ಕಾಲೇಜಿನ ಹಿರಿಯ ಅಧ್ಯಾಪಕರೊಬ್ಬರನ್ನು ಕರೆದಿದ್ದೆವು. ಅವರು ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದರು: "ನೈಟ್ರೈಟ್‌ಗೂ ಬ್ರೌನ್ ಬಣ್ಣ ಬರ್ತದಲ್ಲಮ್ಮ. ಇದು ನೈಟ್ರೇಟೇ ಅಂತ ಹೆಂಗ ಹೇಳ್ತಿ?"

"ಅದು ಮಾಡಿಲ್ರಿ ಸರ್," ಅಂದಳು. "ಬರೋ ಶನಿವಾರ ಮಾಡ್ತೀನ್ರಿ."

ಮಾಡಿದಳು ಕೂಡ. ಗಂಧಕಾಮ್ಲದ ಬದಲು ದುರ್ಬಲ ಅಸಿಟಿಕ್ ಆಮ್ಲ ಹಾಕಿದರೆ ನೈಟ್ರೈಟ್ ಮಾತ್ರ ಕಂದಾಗುತ್ತದೆ, ನೈಟ್ರೇಟ್ ಆಗುವುದಿಲ್ಲ. ಮಣ್ಣಿನ ತಿಳಿ ಕಂದಾಗಲಿಲ್ಲ. ಆದರೆ ಕಪ್ಪಾಗುವ ಕ್ರಿಯೆಯಲ್ಲಿ ನೈಟ್ರೇಟಿನ ಪಾತ್ರ ಏನು, ಎರಕದಲ್ಲಿನ ತಾಮ್ರದ ಪಾತ್ರ ಏನು ಅನ್ನುವುದನ್ನು ಒಂಬತ್ತು ಚೂರುಗಳಿಂದ ಹೇಳಲಾಗದು. ವರದಿಯ ಕೊನೆಯ ಪುಟದಲ್ಲಿ ಹಾಗಂತಲೇ ಬರೆಸಿದೆ.

ನಾನು ಬೇರೆ ಥರ ಮಾಡಬಹುದಿತ್ತು ಅನ್ನಿಸುವುದು ಎರಡು. ಶುದ್ಧ ನೈಟ್ರೇಟ್ ಹಾಕಿ ನೋಡುವ ಮಾತು ಮೊದಲ ದಿನವೇ ನನ್ನ ಬಾಯಿಂದ ಬರಬೇಕಿತ್ತು. ಹುಡುಗಿಯೇ ಕಂಡುಕೊಂಡಳು, ಅದರಿಂದ ಅವಳಿಗೆ ಒಳ್ಳೆಯದೇ ಆಯಿತು ಅಂತ ಈಗ ಹೇಳಿಕೊಳ್ಳುವುದು ಸುಲಭ. ಎರಡನೆಯದು, ಏಳನೇ ಸೆಮಿಸ್ಟರಿನ ಶುರುವಿನಲ್ಲೇ ವಿಶ್ವವಿದ್ಯಾಲಯಕ್ಕೆ ಒಂದು ಪತ್ರ ಬರೆದು, 75ರ ಕೆಳಗಿನವರಿಗೂ ಒಂದು ಪೇಪರಿನ ಬದಲು ಸಣ್ಣ ಪ್ರಾಜೆಕ್ಟ್ ಕೊಡಬಹುದೇ ಅಂತ ಕೇಳಬಹುದಿತ್ತು. ಇಲ್ಲ ಅಂತಿದ್ದರೋ ಏನೋ. ಕೇಳಲೇ ಇಲ್ಲ.

ಈಗ ಕೇಳುವ ಅವಕಾಶವೂ ಸಣ್ಣದಾಗುತ್ತಿದೆ. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಪದವಿಯನ್ನು ಮತ್ತೆ ಮೂರು ವರ್ಷಕ್ಕೆ ತಂದಿತು, ನಾಲ್ಕನೇ ವರ್ಷದ ಆಯ್ಕೆ 2023-24ರವರೆಗೆ ಸೇರಿದವರಿಗೆ ಮಾತ್ರ ಉಳಿಯಿತು. ಆ ತೀರ್ಮಾನಕ್ಕೆ ಕಾರಣಗಳಿದ್ದವು. ಹಳ್ಳಿಯ ಬಡ ಮಕ್ಕಳಿಗೆ ಒಂದು ವರ್ಷ ಹೆಚ್ಚು ಓದಿಸುವುದು ಹೊರೆ ಅನ್ನುವ ಮಾತನ್ನು ಈ ಹುಡುಗಿಯ ಅಪ್ಪನೇ ನನ್ನ ಮುಂದೆ ಆಡಿದ್ದ. ಆದರೆ ಮೂರು ವರ್ಷದ ಪದವಿಯೊಳಗೆ ಶನಿವಾರ ಮಧ್ಯಾಹ್ನಗಳು ಇನ್ನೂ ಇವೆ. ಈ ವರ್ಷ ಐದನೇ ಸೆಮಿಸ್ಟರಿನ ಮೂವರು ಬಂದು ಸೇರಿದ್ದಾರೆ, ರಿಜಿಸ್ಟರಿನಲ್ಲಿ ಮತ್ತೆ 'ವಿಭಾಗೀಯ ಚಟುವಟಿಕೆ'.

ವರದಿ ಮುಗಿದ ಮೇಲೆ ಹುಡುಗಿ ಅದರ ಒಂದು ಪ್ರತಿ ಹಿಡಿದು ಚಾಚಾ ಬಳಿ ಹೋದಳು. ಕೃತಜ್ಞತೆಯ ಪುಟದಲ್ಲಿ ಅವರ ಹೆಸರು ಉರ್ದುವಿನಲ್ಲೂ ಬರೆಸಿದ್ದಳು. ಜೊತೆಗೆ ಮೂರು ಪೊಟ್ಟಣ. ಲ್ಯಾಬಿನ ಪಾತ್ರೆಯಲ್ಲಿ ತಯಾರಾದ ಯಾವುದನ್ನೂ ಯಾರ ನಾಲಿಗೆಗೂ ಕೊಡಕೂಡದು ಅಂತ ನಾನು ಹಟ ಹಿಡಿದಿದ್ದರಿಂದ, ಮಣ್ಣು ತೊಳೆದದ್ದು, ನೀರು ಇಂಗಿಸಿದ್ದು ಎಲ್ಲ ಹೊಸದಾಗಿ ಆಕೆಯ ಮನೆಯ ಒಲೆ ಮೇಲೆ, ಸ್ಟೀಲ್ ಪಾತೇಲಿಯಲ್ಲಿ. ಯಾವುದರಲ್ಲಿ ಏನಿದೆ ಅಂತ ಹೇಳದೆ ಸಾಲಾಗಿ ಇಟ್ಟಳು.

ಚಾಚಾ ಮೊದಲನೆಯದನ್ನು ನಾಲಿಗೆಗೆ ಮುಟ್ಟಿಸಿ ತಲೆ ಆಡಿಸಿದರು. ಎರಡನೆಯದನ್ನು ಮುಟ್ಟಿಸಿ, "ಇದು ಸತ್ತ ಮಣ್ಣು, ಮಳಿ ತಿಂದದ," ಅಂದು ಬದಿಗೆ ಸರಿಸಿದರು. ಮೂರನೆಯದಕ್ಕೆ ಸ್ವಲ್ಪ ಹೊತ್ತು ತಗೊಂಡರು. ಬೆರಳಲ್ಲಿ ಉಜ್ಜಿ, ಇನ್ನೊಮ್ಮೆ ಮುಟ್ಟಿಸಿ, ಹುಡುಗಿಯ ಮುಖ ನೋಡಿದರು.

"ಉಪ್ಪು ಅದ. ಮಣ್ಣಿಲ್ಲ. ಏನ್ ಮಾಡೀದಿ ಬೇಟಿ ಇದಕ್ಕ?"